201 ಅಂಕಿಗಳ ಹೊಟ್ಟೆಯಲ್ಲಿ ಒಂಬತ್ತೇ ಅಂಕಿ

ಮೊದಲು ಸಂಖ್ಯೆಯನ್ನೇ ನೋಡಿಬಿಡೋಣ. ಕಣ್ಣಿಗೆ ಅನುಕೂಲವಾಗಲೆಂದು ಹತ್ತತ್ತು ಅಂಕಿಗಳ ಗುಂಪು ಮಾಡಿದ್ದೇನೆ, ಅಷ್ಟೇ.

9167486769 2003915809 8660927585 3801624831 0668014430 8622407126 5164279346 5704086709 6593279205 7674808067 9002278301 6354924852 3803357453 1693511190 3596577547 3400756816 8830562082 1016129132 8455648057 8015880677 1

ಒಟ್ಟು 201 ಅಂಕಿ. ಹೆಸರು ಹಿಡಿದು ಕರೆಯೋಣವೆಂದರೆ ನಮ್ಮ ಲಕ್ಷ, ಕೋಟಿಗಳು ಯಾವ ಮೂಲೆಗೂ ಸಾಲವು. ಒಂಬತ್ತನೆಯ ಶತಮಾನದಲ್ಲಿ, ಅಮೋಘವರ್ಷ ನೃಪತುಂಗನ ಕಾಲದಲ್ಲಿ ‘ಗಣಿತಸಾರಸಂಗ್ರಹ’ ಬರೆದ ಮಹಾವೀರಾಚಾರ್ಯರು ಏಕ, ದಶ, ಶತದಿಂದ ಹಿಡಿದು ಮಹಾಕ್ಷೋಭದವರೆಗೆ 24 ಸ್ಥಾನಗಳಿಗೆ ಹೆಸರು ಕೊಟ್ಟಿದ್ದಾರೆ. ಆ ಪಟ್ಟಿ ಪೂರ್ತಿ ಖರ್ಚಾದ ಮೇಲೂ ಈ ಸಂಖ್ಯೆಯಲ್ಲಿ ಹೆಸರಿಲ್ಲದ 177 ಸ್ಥಾನಗಳು ಉಳಿಯುತ್ತವೆ.

1977ರಲ್ಲಿ ಅಮೆರಿಕದ ಡಲ್ಲಾಸ್ ನಗರದ ಸದರ್ನ್ ಮೆಥಡಿಸ್ಟ್ ಯೂನಿವರ್ಸಿಟಿಯಲ್ಲಿ ಈ ಸಂಖ್ಯೆಯನ್ನು ಬೆಂಗಳೂರಿನ ಶಕುಂತಲಾ ದೇವಿಯವರ ಮುಂದಿಟ್ಟು, ಇದರ 23ನೇ ಮೂಲ ಎಷ್ಟು ಎಂದು ಕೇಳಿದರು. ಅಂದರೆ ಯಾವ ಸಂಖ್ಯೆಯನ್ನು 23 ಸಲ ಬರೆದು ಒಂದಕ್ಕೊಂದು ಗುಣಿಸಿದರೆ ಇದು ಬರುತ್ತದೆ? 50 ಸೆಕೆಂಡಿನಲ್ಲಿ ಉತ್ತರ ಬಂತು: 54,63,72,891. ಅದೇ ಕೆಲಸಕ್ಕೆ ಯೂನಿವ್ಯಾಕ್ ಕಂಪ್ಯೂಟರ್ 62 ಸೆಕೆಂಡ್ ತೆಗೆದುಕೊಂಡಿತು. ಇಷ್ಟು ದೊಡ್ಡ ಲೆಕ್ಕಕ್ಕೆಂದೇ ಅದಕ್ಕೆ ಬೇರೆ ಪ್ರೋಗ್ರಾಂ ಬರೆಯಬೇಕಾಯಿತು. ಕಂಪ್ಯೂಟರನ್ನು ಸೋಲಿಸಿದ ಹೆಣ್ಣುಮಗಳು ಎಂಬ ಮಾತು ಅಲ್ಲಿಂದ ಹೊರಟು ಶಾಲೆಗಳ ಗೋಡೆ, ಕ್ವಿಜ್ ಪುಸ್ತಕ, ಕೊನೆಗೆ ವಾಟ್ಸ್ಆಪ್ ಫಾರ್ವರ್ಡ್‌ವರೆಗೂ ಬಂದು ತಲುಪಿದೆ.

ಈ ಕಥೆ ಹೇಳುವವರೆಲ್ಲ ಒತ್ತಿ ಹೇಳುವುದು 201 ಎಂಬುದನ್ನೇ. ಅಬ್ಬಾ, ಇನ್ನೂರೊಂದು ಅಂಕಿ! ಅಚ್ಚರಿಯನ್ನು ನಾವು ತಪ್ಪು ಜಾಗದಲ್ಲಿ ಹುಡುಕುತ್ತಿದ್ದೇವೆ ಎಂದು ನನಗನ್ನಿಸುವುದು ಇಲ್ಲಿಯೇ. ಸಂಖ್ಯೆ ದೊಡ್ಡದು, ಅನುಮಾನವಿಲ್ಲ. ಆದರೆ ಒಳಗೆ ಟೊಳ್ಳು.

ಟೊಳ್ಳು ಹೇಗೆ? ಇದೇ ಸಂಖ್ಯೆಯ ವರ್ಗಮೂಲ ಕೇಳಿದ್ದರೆ ಉತ್ತರದ ಪೂರ್ಣಭಾಗವೇ 101 ಅಂಕಿಯಾಗುತ್ತಿತ್ತು. ಘನಮೂಲವಾದರೆ 67 ಅಂಕಿ. 23ನೇ ಮೂಲವಾದ್ದರಿಂದ ಒಂಬತ್ತೇ ಅಂಕಿ. ಮೂಲದ ಕ್ರಮಾಂಕ ಏರಿದಷ್ಟೂ ಉತ್ತರ ಕುಗ್ಗುತ್ತದೆ. ಕೇಳುವವರಿಗೆ ಮಾತ್ರ ಪ್ರಶ್ನೆ ಇನ್ನಷ್ಟು ಭಯಂಕರವಾಗಿ ಕೇಳಿಸುತ್ತದೆ. ವೇದಿಕೆಯ ಗಣಿತಜ್ಞರಿಗೆ ಈ ಗುಟ್ಟು ಚೆನ್ನಾಗಿ ಗೊತ್ತು. ಜಿನೀವಾ ಬಳಿಯ ಸರ್ನ್ ಪ್ರಯೋಗಾಲಯದಲ್ಲಿ ಲೆಕ್ಕಿಗರಾಗಿದ್ದ ನೆದರ್ಲೆಂಡ್ಸಿನ ವಿಮ್ ಕ್ಲೈನ್ 1976ರ ಆಗಸ್ಟ್‌ನಲ್ಲಿ 500 ಅಂಕಿಯ ಸಂಖ್ಯೆಯೊಂದರ 73ನೇ ಮೂಲವನ್ನು 2 ನಿಮಿಷ 43 ಸೆಕೆಂಡಿನಲ್ಲಿ ಹೇಳಿದರು. 500 ಅಂಕಿ ಎಂದ ಕೂಡಲೇ ಎದೆ ಝಲ್ಲೆನ್ನುತ್ತದೆ. ಆದರೆ ಉತ್ತರ ಬರೀ ಏಳು ಅಂಕಿಯದು. ಅದೂ ಸುಮಾರು 68 ಲಕ್ಷ 49 ಸಾವಿರದಿಂದ 70 ಲಕ್ಷ 68 ಸಾವಿರದೊಳಗೆ ಎಲ್ಲೋ ಇರಲೇಬೇಕು. 500 ಅಂಕಿಯ ಪೂರ್ಣ 73ನೇ ಘಾತಗಳು ಇಡೀ ಸಂಖ್ಯಾಲೋಕದಲ್ಲಿ ಇರುವುದೇ ಸುಮಾರು 2 ಲಕ್ಷ 19 ಸಾವಿರ.

ನಮ್ಮ ಸಂಖ್ಯೆಗೂ ಇದೇ ಲೆಕ್ಕ ಹಾಕಿ ನೋಡಿ. 201 ಅಂಕಿ ಬರಬೇಕಾದರೆ ಮೂಲವು ಸುಮಾರು 49 ಕೋಟಿ 62 ಲಕ್ಷಕ್ಕಿಂತ ಕಡಿಮೆ ಇರುವಂತಿಲ್ಲ, 54 ಕೋಟಿ 84 ಲಕ್ಷವನ್ನು ಮೀರುವಂತಿಲ್ಲ. ಅಂಕಿಗಳನ್ನು ಎಣಿಸಿದರೆ ಸಾಕು, ಒಂದನ್ನೂ ಓದದೆಯೇ ಉತ್ತರ 4ರಿಂದಲೋ 5ರಿಂದಲೋ ಶುರುವಾಗುತ್ತದೆ ಎಂದು ಹೇಳಿಬಿಡಬಹುದು. ಉಳಿಯುವ ಅಭ್ಯರ್ಥಿಗಳು 5 ಕೋಟಿ 22 ಲಕ್ಷ. ನಮ್ಮ ರಾಜ್ಯದ ಜನಸಂಖ್ಯೆಗಿಂತ ಕಡಿಮೆ.

ಇನ್ನು ಬಾಲದಿಂದ ಹಿಡಿಯೋಣ. ಸಂಖ್ಯೆ 71ರಲ್ಲಿ ಮುಗಿಯುತ್ತದೆ. ಸಂಖ್ಯೆಯೊಂದನ್ನು ಮತ್ತೆ ಮತ್ತೆ ಅದರಿಂದಲೇ ಗುಣಿಸುತ್ತ ಹೋದರೆ ಕೊನೆಯ ಅಂಕಿ ನಾಲ್ಕು ಹೆಜ್ಜೆಗೊಮ್ಮೆ ಸುತ್ತು ಹೊಡೆದು ಮರಳುತ್ತದೆ; ಮಗ್ಗಿ ಬರೆಯುವ ಮಕ್ಕಳೂ ಗಮನಿಸಬಹುದಾದ ಸಂಗತಿ. 7ನ್ನು ತೆಗೆದುಕೊಂಡರೆ 7, 9, 3, 1, ಮತ್ತೆ 7. ಕೊನೆಯ ಎರಡು ಅಂಕಿಗಳನ್ನು ನೋಡುವುದಾದರೆ 20 ಹೆಜ್ಜೆಯೊಳಗೆ ಸುತ್ತು ಮುಗಿಯುತ್ತದೆ, ಸಮಸಂಖ್ಯೆಗಳನ್ನೂ 5ರ ಗುಣಕಗಳನ್ನೂ ಪಕ್ಕಕ್ಕಿಟ್ಟರೆ. 23 ಹೆಜ್ಜೆ ಎಂದರೆ 20ರ ಒಂದು ಪೂರ್ತಿ ಸುತ್ತು, ಮೇಲೆ ಮೂರು. ಹಾಗಾಗಿ ಕೊನೆಯ ಎರಡು ಅಂಕಿಗಳ ಮಟ್ಟಿಗೆ 23ನೇ ಘಾತವೂ ಒಂದೇ, ಘನವೂ ಒಂದೇ. ಉತ್ತರದ ಕೊನೆಯ 91ನ್ನು ತೆಗೆದುಕೊಂಡು ಪರೀಕ್ಷಿಸಿ: 91×91 = 8281. ಕೊನೆಯ 81ನ್ನು ಮಾತ್ರ ಇಟ್ಟುಕೊಂಡು 81×91 = 7371. ಕೊನೆಯಲ್ಲಿ 71. ಸರಿಹೋಯಿತು.

ಇದು 91ರಿಂದ 71ಕ್ಕೆ ಹೋದ ದಾರಿ. ಶಕುಂತಲಾ ದೇವಿಯವರ ಮುಂದಿದ್ದದ್ದು ತಿರುಗು ದಾರಿ: 71 ಗೊತ್ತು, 91 ಬೇಕು. ಅದಕ್ಕೂ ಒಂದು ಕೀಲಿ ಇದೆ. 23ನ್ನು ಯಾವ ಸಂಖ್ಯೆಯಿಂದ ಗುಣಿಸಿ 20ರಿಂದ ಭಾಗಿಸಿದರೆ ಶೇಷ 1 ಉಳಿಯುತ್ತದೆ? 7ರಿಂದ; 23×7 = 161. ಹಾಗಾದರೆ 71ನ್ನು ಏಳನೇ ಘಾತಕ್ಕೇರಿಸಿ, ಪ್ರತಿ ಸಲವೂ ಕೊನೆಯ ಎರಡು ಅಂಕಿಗಳನ್ನಷ್ಟೇ ಉಳಿಸಿಕೊಳ್ಳಿ. 71ರ ವರ್ಗ 5041, ಅದರಲ್ಲಿ 41. 41ರ ವರ್ಗ 1681, ಅದರಲ್ಲಿ 81. ಇದು ನಾಲ್ಕನೇ ಘಾತ. 81×41 = 3321, ಉಳಿದದ್ದು 21; ಇದು ಆರನೆಯದು. 21×71 = 1491. ಕೊನೆಯಲ್ಲಿ ಏನಿದೆ ನೋಡಿ: 91. ಬಸ್ಸಿನಲ್ಲಿ ಕೂತು ಟಿಕೆಟ್ಟಿನ ಹಿಂಬದಿಯಲ್ಲಿ ಮಾಡಬಹುದಾದ ಲೆಕ್ಕ. ಇಷ್ಟಾದ ಮೇಲೆ 5 ಕೋಟಿ 22 ಲಕ್ಷ ಅಭ್ಯರ್ಥಿಗಳಲ್ಲಿ ನೂರಕ್ಕೆ ಒಬ್ಬರು ಮಾತ್ರ ಕಣದಲ್ಲಿ ಉಳಿಯುತ್ತಾರೆ.

ಈ ಕೀಲಿ ಎರಡಂಕಿಗೆ ನಿಲ್ಲುವುದಿಲ್ಲ. ಮೂರಂಕಿಯ ಸುತ್ತು 100 ಹೆಜ್ಜೆ, ನಾಲ್ಕಂಕಿಯದು 500. ಈ ಸುತ್ತುಗಳೆಲ್ಲ 2 ಮತ್ತು 5ರಿಂದಲೇ ಕಟ್ಟಿದವು. 23ಕ್ಕೂ ಅವಕ್ಕೂ ಸಂಬಂಧವೇ ಇಲ್ಲ. ಆದ್ದರಿಂದ ಎಷ್ಟು ಅಂಕಿಗೆ ಬೇಕಾದರೂ ತಿರುಗು ದಾರಿ ಇದ್ದೇ ಇದೆ, ಅದೂ ಒಂದೇ ಒಂದು. ಇದರ ಅರ್ಥ ಸ್ವಲ್ಪ ಬೆಚ್ಚಿಬೀಳಿಸುವಂಥದ್ದು. 201 ಅಂಕಿಗಳಲ್ಲಿ ಕೊನೆಯ ಒಂಬತ್ತು, ಅಂದರೆ 158806771, ಇಷ್ಟನ್ನು ಮಾತ್ರ ಕೊಟ್ಟಿದ್ದರೂ 54,63,72,891 ಎಂಬ ಉತ್ತರ ಬೇರೆಯಾಗಲು ಸಾಧ್ಯವಿರಲಿಲ್ಲ. ಮಿಕ್ಕ 192 ಅಂಕಿಗಳು ಬರೀ ಮೆರವಣಿಗೆಗೆ ಬಂದವರು.

ತಲೆಯ ಕಡೆಯಿಂದಲೂ ಬರಬಹುದು. ಒಂದು ಕಾಲದಲ್ಲಿ ಪಿಯುಸಿ ಓದಿದವರಿಗೆ ಲಾಗ್ ಟೇಬಲ್ ಪುಸ್ತಕ ನೆನಪಿರುತ್ತದೆ. ಲಾಗರಿದಂ ಬಳಸಿದರೆ 23ನೇ ಮೂಲ ತೆಗೆಯುವುದೆಂದರೆ 23ರಿಂದ ಭಾಗಿಸುವುದು, ಅಷ್ಟೇ. ಸಂಖ್ಯೆಯ ಮೊದಲ ನಾಲ್ಕು ಅಂಕಿ 9167. ಆಮೇಲೆ ಏನಿದೆ ಎಂದು ನೋಡದೆ ಇಷ್ಟನ್ನೇ ನೆಚ್ಚಿಕೊಂಡರೂ ಮೂಲವು 54,63,71,630 ಮತ್ತು 54,63,74,221ರ ನಡುವೆ ಎಲ್ಲೋ ಬೀಳುತ್ತದೆ. ಸುಮಾರು 2,600 ಸಂಖ್ಯೆಗಳ ಒಂದು ಸಣ್ಣ ಕೇರಿ. 23ರಿಂದ ಭಾಗಿಸುವಾಗ ನಮ್ಮ ಅಜ್ಞಾನವೂ 23 ಪಾಲಾಗಿ ಕುಗ್ಗುವುದರಿಂದ ಈ ಲಾಭ. ಇತ್ತ ಬಾಲದ ಕೊನೆಯ ನಾಲ್ಕು ಅಂಕಿ 6771. ಮೇಲಿನ ಕೀಲಿಯಿಂದಲೇ ತಿರುಗಿಸಿದರೆ 2891 ಸಿಗುತ್ತದೆ. ಆ ಕೇರಿಯಲ್ಲಿ 2891ರಿಂದ ಮುಗಿಯುವ ಮನೆ ಒಂದೇ. ತಲೆಯ ನಾಲ್ಕು, ಬಾಲದ ನಾಲ್ಕು, ಒಟ್ಟು ಎಂಟು ಅಂಕಿ ನೋಡಿದರೆ ಸಾಕಾಯಿತು.

ಮಧ್ಯದಲ್ಲಿ ಇನ್ನೂ ಕೆಲವು ಗುಣಗಳು ಅಡಗಿವೆ, ಅವನ್ನು ಬಿಟ್ಟು ಹೋಗಲು ಮನಸ್ಸು ಬರುವುದಿಲ್ಲ. ಉತ್ತರವನ್ನು ಮತ್ತೊಮ್ಮೆ ನೋಡಿ: 5, 4, 6, 3, 7, 2, 8, 9, 1. ಒಂದರಿಂದ ಒಂಬತ್ತರವರೆಗಿನ ಎಲ್ಲ ಅಂಕಿಗಳೂ ಇವೆ, ಒಂದೊಂದೇ ಸಲ. 5, 4, 6, 3, 7, 2, 8 ಎಂದು ಐದರ ಎಡಬಲಕ್ಕೆ ತೂಗುತ್ತ ಹೋಗುವ ಈ ಸಾಲು ತಾನಾಗಿ ಬಂದದ್ದಲ್ಲ. ಪ್ರಶ್ನೆ ತಯಾರಿಸಿದವರು ಬೇಕೆಂದೇ ಆರಿಸಿರಬೇಕು. ಅಂಕಿಗಳ ಮೊತ್ತ 45 ಆದ್ದರಿಂದ ಸಂಖ್ಯೆ 9ರಿಂದ ಭಾಗವಾಗುತ್ತದೆ. ನಿಜಕ್ಕೂ 27ರಿಂದಲೇ ಭಾಗವಾಗುತ್ತದೆ, 27×2,02,36,033. ಹೀಗಾಗಿ 201 ಅಂಕಿಯ ಆ ದೈತ್ಯನನ್ನು 3ರಿಂದ ಒಂದಾದ ಮೇಲೊಂದರಂತೆ 69 ಸಲ ಶೇಷವಿಲ್ಲದೆ ಭಾಗಿಸಬಹುದು, 70ನೇ ಸಲ ಆಗದು. ಭಾಗಾಕಾರದ ಗೋಜು ಬೇಡವೆನ್ನುವವರು ಮೇಲಿನ 201 ಅಂಕಿಗಳನ್ನು ಕೂಡಿ ನೋಡಿ. ಮೊತ್ತ 882, ಅದು 9ರ ಮಗ್ಗಿಯಲ್ಲೇ ಇದೆ.

ನನಗೆ ಎಲ್ಲಕ್ಕಿಂತ ಚೆಂದ ಕಾಣುವುದು 47ರ ಗುಣ. 23ರ ಎರಡರಷ್ಟಕ್ಕೆ ಒಂದು ಸೇರಿಸಿದರೆ 47, ಅದೂ ಅವಿಭಾಜ್ಯ. ಹದಿನೇಳನೆಯ ಶತಮಾನದ ಫ್ರೆಂಚ್ ವಕೀಲ ಫರ್ಮಾ ಕಂಡುಕೊಂಡ ನಿಯಮದ ಪ್ರಕಾರ, 47ರ ಗುಣಕವಲ್ಲದ ಯಾವ ಸಂಖ್ಯೆಯನ್ನಾದರೂ 46ನೇ ಘಾತಕ್ಕೇರಿಸಿ 47ರಿಂದ ಭಾಗಿಸಿದರೆ ಶೇಷ 1. ಅರ್ಧದಾರಿಯಲ್ಲಿ, ಅಂದರೆ 23ನೇ ಘಾತದಲ್ಲಿ ನಿಂತರೆ ಶೇಷ 1 ಇಲ್ಲವೇ 46. ಮೂಲವೇ 47ರ ಗುಣಕವಾಗಿದ್ದರೆ ಸೊನ್ನೆ. ಈ ಮೂರು ಬಿಟ್ಟು ನಾಲ್ಕನೆಯ ಶೇಷ ಯಾವ 23ನೇ ಘಾತಕ್ಕೂ ಬರುವಂತಿಲ್ಲ. ನಮ್ಮ ಸಂಖ್ಯೆಗೆ ಶೇಷ 1. ಮುದ್ರಣದಲ್ಲಿ ಒಂದು ಅಂಕಿ ಅತ್ತಿತ್ತ ಆಗಿದ್ದರೆ ಬಹುಮಟ್ಟಿಗೆ ಇಲ್ಲೇ ಸಿಕ್ಕಿಬೀಳುತ್ತದೆ. ಮನೆಯಲ್ಲಿ ಬೇಸರದಿಂದ ಕೂತ ಎಂಟನೇ ತರಗತಿಯ ಮಕ್ಕಳಿದ್ದರೆ ಒಂದು ಉದ್ದ ಹಾಳೆ ಕೊಟ್ಟು 47ರಿಂದ ಭಾಗಿಸಲು ಹೇಳಿ, ಮಧ್ಯಾಹ್ನ ಕಳೆಯುತ್ತದೆ.

ಹಾಗಾದರೆ ಡಲ್ಲಾಸ್‌ನಲ್ಲಿ ನಡೆದದ್ದು ಬರೀ ಕೈಚಳಕವೇ? ಅಲ್ಲ. ಪುಸ್ತಕದ ದಾರಿ ಹೀಗಿದೆ ಎಂದು ಕೂತು ವಿವರಿಸುವುದಕ್ಕೂ, ಲಾಗ್ ಟೇಬಲ್ ಇಲ್ಲದೆ, ಕಾಗದ ಇಲ್ಲದೆ, ಸಭೆಯ ಎದುರು ನಿಂತು 50 ಸೆಕೆಂಡಿನಲ್ಲಿ ಒಂಬತ್ತು ಅಂಕಿಯನ್ನೂ ಸರಿಯಾಗಿ ಹೇಳುವುದಕ್ಕೂ ಅಜಗಜಾಂತರ. 1929ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿದ ಈ ಮಗುವಿನ ಪ್ರತಿಭೆ ಸರ್ಕಸ್ಸಿನಲ್ಲಿ ಕೆಲಸ ಮಾಡುತ್ತಿದ್ದ ತಂದೆಯ ಕಣ್ಣಿಗೆ ಬಿದ್ದದ್ದು ಇಸ್ಪೀಟು ಆಟದ ಟ್ರಿಕ್ ಕಲಿಸುವಾಗ, ಮೂರನೆಯ ವಯಸ್ಸಿನಲ್ಲಿ. ಆರನೆಯ ವಯಸ್ಸಿಗೆ ಮೈಸೂರು ವಿಶ್ವವಿದ್ಯಾನಿಲಯದಲ್ಲಿ ಪ್ರದರ್ಶನ. 1988ರಲ್ಲಿ ಬರ್ಕ್ಲಿಯ ಮನೋವಿಜ್ಞಾನಿ ಆರ್ಥರ್ ಜೆನ್ಸನ್ ಶಕುಂತಲಾ ದೇವಿಯವರನ್ನು ಪರೀಕ್ಷಿಸಿದರು. 6,16,29,875ರ ಘನಮೂಲ 395, 17,08,59,375ರ ಏಳನೇ ಮೂಲ 15. ಇಂಥ ಪ್ರಶ್ನೆಗಳನ್ನು ಜೆನ್ಸನ್ ತಮ್ಮ ನೋಟ್‌ಬುಕ್ಕಿಗೆ ಇಳಿಸಿಕೊಳ್ಳುವ ಮೊದಲೇ ಉತ್ತರ ಬಂದುಬಿಡುತ್ತಿತ್ತು. ಆದರೆ ಗಮನಿಸಿ, ಇವೂ ಪೂರ್ಣ ಮೂಲಗಳೇ. ದೊಡ್ಡ ಹೊದಿಕೆ, ಒಳಗೆ ಪುಟ್ಟ ಉತ್ತರ.

ಕಷ್ಟವನ್ನು ಅಂಕಿಗಳ ಉದ್ದದಿಂದ ಅಳೆಯಲಾಗದು ಎನ್ನುವುದಕ್ಕೆ ಆಮೇಲೂ ಪುರಾವೆ ಸಿಕ್ಕಿದೆ. 2007ರಲ್ಲಿ ಫ್ರಾನ್ಸಿನ ಅಲೆಕ್ಸಿ ಲೆಮೇರ್ 200 ಅಂಕಿಯ ಸಂಖ್ಯೆಯೊಂದರ 13ನೇ ಮೂಲವನ್ನು 70.2 ಸೆಕೆಂಡಿನಲ್ಲಿ ಹೇಳಿದರು. ನಮ್ಮದಕ್ಕಿಂತ ಒಂದು ಅಂಕಿ ಕಡಿಮೆಯೇ. ಆದರೆ ಉತ್ತರ 16 ಅಂಕಿಯದು. ಅಭ್ಯರ್ಥಿಗಳು 5 ಕೋಟಿಯಲ್ಲ, ಸುಮಾರು 393 ಲಕ್ಷ ಕೋಟಿ.

ಈಗ ಅದೇ 1977ರಲ್ಲಿ ಹೊರಬಂದ ಇನ್ನೊಂದು ಸಂಖ್ಯೆಯ ವಿಷಯಕ್ಕೆ ಬರುತ್ತೇನೆ. ಆ ವರ್ಷದ ಆಗಸ್ಟ್ ತಿಂಗಳ ‘ಸೈಂಟಿಫಿಕ್ ಅಮೆರಿಕನ್’ ಪತ್ರಿಕೆಯ ತಮ್ಮ ಗಣಿತ ಅಂಕಣದಲ್ಲಿ ಮಾರ್ಟಿನ್ ಗಾರ್ಡ್ನರ್ 129 ಅಂಕಿಯ ಒಂದು ಸಂಖ್ಯೆಯನ್ನು ಅಚ್ಚುಹಾಕಿದರು. ಎಂಐಟಿಯ ರಿವೆಸ್ಟ್, ಶಮೀರ್, ಅಡ್ಲ್‌ಮನ್ ಎಂಬ ಮೂವರು ಕೊಟ್ಟದ್ದು. ಒಂದು ಗುಟ್ಟಿನ ವಾಕ್ಯವನ್ನು ಅಂಕಿಗಳಿಗೆ ತಿರುಗಿಸಿ, ಅದನ್ನು 9007ನೇ ಘಾತಕ್ಕೇರಿಸಿ, ಈ 129 ಅಂಕಿಯ ಸಂಖ್ಯೆಯಿಂದ ಭಾಗಿಸಿ, ಉಳಿದ ಶೇಷವನ್ನು ಪ್ರಕಟಿಸಿದ್ದರು. ವಾಕ್ಯ ಏನೆಂದು ಹೇಳಿದವರಿಗೆ 100 ಡಾಲರ್ ಬಹುಮಾನ.

ಕೆಲಸ ಮೇಲ್ನೋಟಕ್ಕೆ ಅದೇ. ನಾವು 71ರಿಂದ 91ಕ್ಕೆ ಮರಳಿದೆವಲ್ಲ, ಅಲ್ಲಿ 100ರಿಂದ ಭಾಗಿಸಿದ ಶೇಷ ಇಟ್ಟುಕೊಂಡು 23ನೇ ಮೂಲ ಹುಡುಕಿದ್ದು. ಇಲ್ಲಿ 129 ಅಂಕಿಯ ಸಂಖ್ಯೆಯಿಂದ ಭಾಗಿಸಿದ ಶೇಷ ಇಟ್ಟುಕೊಂಡು 9007ನೇ ಮೂಲ ಹುಡುಕಬೇಕು. ವ್ಯತ್ಯಾಸ ಇರುವುದು ಒಂದೇ ಕಡೆ. 7 ಎಂಬ ಕೀಲಿ ನಮಗೆ ಸಿಕ್ಕಿದ್ದು ಸುತ್ತು 20 ಹೆಜ್ಜೆಯದು ಎಂದು ತಿಳಿದಿದ್ದರಿಂದ, ಅದು ತಿಳಿದದ್ದು 100 ಎಂದರೆ 2 ಮತ್ತು 5ರಿಂದ ಆದದ್ದು ಎಂದು ಗೊತ್ತಿದ್ದರಿಂದ. ಆ 129 ಅಂಕಿಯ ಸಂಖ್ಯೆ ಯಾವ ಎರಡು ಅವಿಭಾಜ್ಯಗಳ ಗುಣಲಬ್ಧ ಎನ್ನುವುದು ಮಾತ್ರ ಓದುಗರಲ್ಲಿ ಯಾರಿಗೂ ಗೊತ್ತಿರಲಿಲ್ಲ. ಅದು ತಿಳಿಯದೆ ಸುತ್ತಿನ ಉದ್ದ ತಿಳಿಯದು, ಸುತ್ತು ತಿಳಿಯದೆ ಕೀಲಿ ಸಿಗದು. ಆಗ ಗೊತ್ತಿದ್ದ ಉಪಾಯಗಳಿಂದ ಅಪವರ್ತನ ಹುಡುಕಲು 400 ಕೋಟಿ ಕೋಟಿ ವರ್ಷ ಬೇಕಾದೀತು ಎಂಬ ಅಂದಾಜೂ ಪ್ರಕಟವಾಗಿತ್ತು.

ಅಷ್ಟು ಕಾಯಬೇಕಾಗಲಿಲ್ಲ. ಉಪಾಯಗಳು ಸುಧಾರಿಸಿದವು. 1994ರ ಏಪ್ರಿಲ್‌ನಲ್ಲಿ ಇಂಟರ್ನೆಟ್ ಮೂಲಕ ಕೈಜೋಡಿಸಿದ ಸುಮಾರು 600 ಮಂದಿ, ಸುಮಾರು 1,600 ಯಂತ್ರಗಳನ್ನು ತಿಂಗಳುಗಟ್ಟಲೆ ದುಡಿಸಿ, ಅದನ್ನು ಒಡೆದರು. ಒಂದು ಅಪವರ್ತನ 64 ಅಂಕಿಯದು, ಇನ್ನೊಂದು 65. ಗುಟ್ಟಿನ ವಾಕ್ಯದಲ್ಲಿ ಇದ್ದದ್ದು ಮೂಳೆ ಮುರಿದು ತಿನ್ನುವ ರಣಹದ್ದಿಗೆ ಹೇಸಿಗೆಯಾದ ತಮಾಷೆ! ಹೀಗೆ ಒಂದೇ ವರ್ಷ ಎರಡು ಸಂಖ್ಯೆಗಳು ಜಗತ್ತಿನ ಮುಂದೆ ಬಂದವು. 201 ಅಂಕಿಯದು 50 ಸೆಕೆಂಡಿನಲ್ಲಿ ಬಾಯಿಬಿಟ್ಟಿತು, 129 ಅಂಕಿಯದು 17 ವರ್ಷ ತುಟಿ ಬಿಚ್ಚಲಿಲ್ಲ. ಆ ಮೂವರ ಹೆಸರಿನ ಮೊದಲ ಅಕ್ಷರಗಳಿಂದ ಆರ್‌ಎಸ್‌ಎ ಎನಿಸಿಕೊಂಡ ಆ ವಿಧಾನ ಇವತ್ತಿಗೂ ಇಂಟರ್ನೆಟ್ಟಿನ ಅನೇಕ ಕಡೆ ಬೀಗವಾಗಿ ಕೂತಿದೆ. ಅಲ್ಲಿ ಸಾಮಾನ್ಯವಾಗಿ ಬಳಸುವ ಸಂಖ್ಯೆ 617 ಅಂಕಿಯದು.

ಅಂದಹಾಗೆ, 64 ಅಂಕಿಯ ಸಂಖ್ಯೆಯನ್ನು 65 ಅಂಕಿಯದರಿಂದ ಗುಣಿಸುವುದು ತಾಳ್ಮೆಯಿದ್ದವರು ಕಾಗದದ ಮೇಲೆ ಮಾಡಬಹುದಾದ ಕೆಲಸ. ಗುಣಾಕಾರದಲ್ಲಿ ಗುಟ್ಟಿಲ್ಲ. ಆದರೆ ಒಳದಾರಿಯೂ ಇಲ್ಲ. ಮೂಲ ತೆಗೆಯುವಾಗ ತಲೆಯನ್ನೂ ಬಾಲವನ್ನೂ ನೋಡಿ ನಡುವನ್ನು ಹಾರಿಸಬಹುದು, ಗುಣಾಕಾರದಲ್ಲಿ ನಡುವಿನ ಅಂಕಿಗಳೇ ಎಲ್ಲಕ್ಕಿಂತ ಹೆಚ್ಚು ಕಾಡುವವು.

ಹಾಗಾಗಿ ಶಕುಂತಲಾ ದೇವಿಯವರ ಸಾಧನೆಯನ್ನು ತೂಗುವುದಾದರೆ ನಾನು ಡಲ್ಲಾಸ್ ಬಿಟ್ಟು ಲಂಡನ್ನಿಗೆ ಹೋಗುತ್ತೇನೆ. 1980ರ ಜೂನ್ 18. ಇಂಪೀರಿಯಲ್ ಕಾಲೇಜಿನ ಕಂಪ್ಯೂಟರ್ ವಿಭಾಗದವರು ಕಣ್ಣುಮುಚ್ಚಿ ಆರಿಸಿದಂತೆ ಎರಡು ಸಂಖ್ಯೆಗಳನ್ನು ಕೊಟ್ಟರು: 7686369774870 ಮತ್ತು 2465099745779. ಹದಿಮೂರು ಅಂಕಿಯವು ಎರಡೂ. ಚೆಂದದ ಜೋಡಣೆ ಇಲ್ಲ, ಪೂರ್ಣ ಘಾತ ಅಲ್ಲ, ಒಳಗೆ ಅಡಗಿಸಿಟ್ಟ ಪುಟ್ಟ ಉತ್ತರವೂ ಇಲ್ಲ. ಶಾಲೆಯ ಪದ್ಧತಿಯಲ್ಲಿ ಮಾಡಿದರೆ 13×13, ಅಂದರೆ 169 ಸಣ್ಣ ಗುಣಾಕಾರ. ಸೊನ್ನೆಗಳನ್ನು ಬಿಟ್ಟರೂ 144. ಅವನ್ನೆಲ್ಲ ಸ್ಥಾನ ತಪ್ಪದಂತೆ ಕೂಡಬೇಕು, ದಶಕ ಮರೆಯಬಾರದು. 28 ಸೆಕೆಂಡಿನಲ್ಲಿ ಅವರು ಕೊಟ್ಟ ಉತ್ತರ 18947668177995426462773730. 26 ಅಂಕಿಯೂ ಸರಿ. ಸೆಕೆಂಡಿಗೆ ಐದಕ್ಕಿಂತ ಹೆಚ್ಚು ಸಣ್ಣ ಗುಣಾಕಾರದ ವೇಗ ಇದು. ಮನೋಗಣಿತದ ಇತಿಹಾಸ ಬರೆದ ಸ್ಟೀವನ್ ಸ್ಮಿತ್ ಈ ವೇಗವನ್ನು ನಂಬಲಾಗದ್ದು ಎಂದರು. ಅದುವರೆಗಿನ ಬಲ್ಲಿದರೆಲ್ಲರಿಗಿಂತ ಅಷ್ಟು ಮುಂದಿತ್ತು ಆ ವೇಗ. 23ನೇ ಮೂಲದ ಬಗ್ಗೆ ಆಡುವ ಬೆರಗಿನ ಮಾತುಗಳು ಸಲ್ಲಬೇಕಾದದ್ದು ಈ 28 ಸೆಕೆಂಡಿಗೆ ಎನ್ನುವುದು ನನ್ನ ತೀರ್ಮಾನ.

1982ರ ಗಿನ್ನೆಸ್ ಪುಸ್ತಕದಲ್ಲಿ ಈ ದಾಖಲೆ ಸೇರಿತು. ಶಕುಂತಲಾ ದೇವಿಯವರು ಬೆಂಗಳೂರಿನಲ್ಲಿ 2013ರ ಏಪ್ರಿಲ್ 21ರಂದು ತೀರಿಕೊಂಡರು. ಗಿನ್ನೆಸ್ ಸಂಸ್ಥೆಯ ಅಧಿಕೃತ ಪ್ರಮಾಣಪತ್ರ ಅವರ ಮಗಳ ಕೈಸೇರಿದ್ದು 2020ರ ಜುಲೈನಲ್ಲಿ, ಸಾಧನೆ ನಡೆದು 40 ವರ್ಷವಾದ ಮೇಲೆ. ಅದು 201 ಅಂಕಿಯ ಮೂಲಕ್ಕೆ ಕೊಟ್ಟದ್ದಲ್ಲ, 13 ಅಂಕಿಯ ಗುಣಾಕಾರಕ್ಕೆ ಕೊಟ್ಟದ್ದು.